ಕೊಂಡಾಪುರದಲ್ಲಿ ಸಿಕ್ಕ 'ಲಿ'

ಶನಿವಾರ ಬೆಳಿಗ್ಗೆ ಕೊಂಡಾಪುರದ ಬೊಟಾನಿಕಲ್ ಗಾರ್ಡನ್‌ನಲ್ಲಿ ಒಂದು ಸುತ್ತು ಹಾಕಿ, ನೆರಳಿದ್ದಲ್ಲಿ ಕೂತು, ಮಗಳಿಂದ ಸ್ಪ್ಯಾನಿಷ್ ಪಾಠ ಒಪ್ಪಿಸಿಕೊಳ್ಳುವುದು ನನ್ನ ವಾಡಿಕೆ. ಶಾಲೆಯಲ್ಲಿ ಅವಳು ಆರಿಸಿಕೊಂಡ ಭಾಷೆ ಅದು. ಅವಳಿಗಿಂತ ಎರಡು ಪಾಠ ಮುಂದಿರಲೆಂದು ನಾನೂ ಓದುತ್ತೇನೆ.

ಮೊನ್ನೆ 'ಪ್ರೆಸೆಂಟ್ ಸಬ್ಜಂಕ್ಟಿವ್' ಬಂತು. ಆಸೆ, ಅನುಮಾನ, ಹಾರೈಕೆಗಳಿಗೆ ಬಳಸುವ ಕ್ರಿಯಾರೂಪ. ಕೊನೆಯ ಸ್ವರ ಅದಲುಬದಲಾಗುತ್ತದೆ: 'ಆಬ್ಲಾ' (ಮಾತಾಡುತ್ತಾಳೆ) 'ಆಬ್ಲೆ' ಆಗುತ್ತದೆ, 'ಕೋಮೆ' (ತಿನ್ನುತ್ತಾಳೆ) 'ಕೋಮಾ' ಆಗುತ್ತದೆ. 'ಬಿಯೆನೆ' ಅಂದರೆ ಬರುತ್ತಾಳೆ. 'ಕಿಯೆರೊ ಕೆ ಬೇಂಗಾ' ಅಂದರೆ ಬರಲಿ ಅಂತ ನನ್ನಾಸೆ.

"ನಮ್ಮ 'ಅಜ್ಜಿ ಬರಲಿ' ಇದ್ದಂಗ" ಅಂದೆ.

"ಬರಲಿ ಅಂದ್ರ ಬರಬೇಕು ಅಂತಲ್ಲಾ, ಅಪ್ಪಾ?"

ಆಗ ಹೊಳೆಯಿತು. ಅಪಾರ್ಟ್‌ಮೆಂಟಿನ ಗೆಳತಿಯರ ಜೊತೆ ಅವಳದು ದಿನವಿಡೀ ತೆಲುಗು. ತೆಲುಗಿನ 'ರಾವಾಲಿ'ಯ ಕೊನೆಯಲ್ಲೂ 'ಲಿ' ಇದೆ, ಆದರೆ ಅರ್ಥ 'ಬರಬೇಕು'. ಕಾಲುನೋವಿನ ಅಜ್ಜಿಗೆ ಫೋನಿನಲ್ಲಿ ಪ್ರತಿ ಸಲ "ನೀ ಬರಬೇಕು" ಅನ್ನುತ್ತಿದ್ದಳು. ಗದಗದಿಂದ ಅವ್ವ, "ಕಾಲು ಕೇಳಬೇಕಲ್ಲವ್ವಾ" ಅಂತ ಸಣ್ಣಗಾಗುತ್ತಿದ್ದಳು. ಮಗಳ ಕನ್ನಡದಲ್ಲಿ ಒತ್ತಾಯ ಉಳಿದಿತ್ತು, ಹಾರೈಕೆ ಹೋಗಿತ್ತು. ನಾನು ಗಮನಿಸಿಯೇ ಇರಲಿಲ್ಲ.

ಎರಡೂ ಪೂರ್ತಿ ಒಂದೇ ಅಲ್ಲ. 'ಬರುತ್ತಾಳೆ ಅಂತ ಅನಿಸೋದಿಲ್ಲ' ಅನ್ನಲೂ ಸ್ಪ್ಯಾನಿಷ್‌ಗೆ 'ಬೇಂಗಾ'ನೇ ಬೇಕು. ಅಲ್ಲಿ ನಮ್ಮ 'ಬರಲಿ' ಕೂಡುವುದಿಲ್ಲ. ಹಾರೈಕೆಗೆ ಮಾತ್ರ ಎರಡೂ ಜೋಡಿ.

ಈ ರೂಪದ ಜೊತೆ ಬರುವ 'ಓಹಲಾ' ಪದ ಅರಬರು ಸ್ಪೇನನ್ನು ಆಳಿದ ಕಾಲದ್ದು. 'ದೇವರು ಬಯಸಿದರೆ' ಎಂಬ ಅರಬ್ಬಿ ಮಾತಿನಿಂದ ಹುಟ್ಟಿದ್ದು. ವಾಪಸು ಬರುವಾಗ ಕೊತ್ತಗುಡ ಜಂಕ್ಷನ್ನಿನ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡೆವು. ಎಷ್ಟು ಹೊತ್ತಾಗುತ್ತೆ ಅಂದರೆ ಆಟೋದವರು "ಹತ್ತು ನಿಮಿಷ, ಇನ್‌ಶಾ ಅಲ್ಲಾಹ್" ಅಂದರು. ಮಗಳು ನನ್ನ ಮೊಣಕೈ ತಿವಿದು "ಓಹಲಾ!" ಅಂದಳು.

ಸಂಜೆ ಫೋನಿನಲ್ಲಿ ತಡವರಿಸಿಕೊಂಡು ಹೇಳಿದಳು: "ಅಜ್ಜಿ, ನಿನ್ನ ಕಾಲು ಲಗೂನ ಆರಾಮ ಆಗಲಿ."

ಆ ಕಡೆ ಒಂದು ಗಳಿಗೆ ಮಾತಿಲ್ಲ. ಆಮೇಲೆ ಅವ್ವ ಅಂದಳು: "ನೀ ಹೇಳಿದಂಗs ಆಗಲಿ, ನನ್ನವ್ವಾ."