ಕಷ್ಟಕಾಲದ ಆಸರೆ

ಸಂಸಾರವೆಂದ ಮೇಲೆ ಸಾವು-ನೋವು, ರೋಗ-ರುಜಿನ, ನಷ್ಟ-ನಿರಾಶೆಗಳು ಯಾರನ್ನೂ ಬಿಟ್ಟಿದ್ದಲ್ಲ. ಆದರೆ ಒಂದೇ ಬಗೆಯ ಆಘಾತಕ್ಕೆ ಗುರಿಯಾದ ಇಬ್ಬರಲ್ಲಿ ಒಬ್ಬರು ಕುಸಿದುಹೋಗುತ್ತಾರೆ. ಮತ್ತೊಬ್ಬರು ಮೆಲ್ಲನೆ ಎದ್ದು ನಿಲ್ಲುತ್ತಾರೆ. ಈ ಅಂತರಕ್ಕೆ ಮನೋಧೈರ್ಯವೊಂದೇ ಕಾರಣವೆಂದು ನಾವು ಸಾಮಾನ್ಯವಾಗಿ ಹೇಳುತ್ತೇವೆ. ಶಿಕ್ಷಕನಾಗಿ ಅನೇಕ ಮಕ್ಕಳ ಮನೆಯ ಕಷ್ಟಗಳನ್ನು ಹತ್ತಿರದಿಂದ ಕಂಡ ನನಗೆ ಈ ಉತ್ತರವು ಅರ್ಧಸತ್ಯವೆಂದೇ ತೋರುತ್ತದೆ.

1967ರಲ್ಲಿ ಅಮೆರಿಕದ ಮನೋವೈದ್ಯರಾದ ಥಾಮಸ್ ಹೋಮ್ಸ್ ಮತ್ತು ರಿಚರ್ಡ್ ರೇ ಅವರು ಬದುಕಿನ 43 ಘಟನೆಗಳನ್ನು ಆಯ್ದು, ಅವು ತರುವ ಒತ್ತಡಕ್ಕೆ ಅನುಗುಣವಾಗಿ ಅಂಕಗಳನ್ನು ನೀಡಿ ಒಂದು ಪಟ್ಟಿಯನ್ನು ಪ್ರಕಟಿಸಿದರು. ಬಾಳಸಂಗಾತಿಯ ಮರಣಕ್ಕೆ 100 ಅಂಕ, ವಿವಾಹಕ್ಕೆ 50, ನಿವೃತ್ತಿಗೆ 45. ಸಂತೋಷದ ಪ್ರಸಂಗವೂ ಈ ಪಟ್ಟಿಯಲ್ಲಿರುವುದು ಅಚ್ಚರಿಯೇನಲ್ಲ. ಬದುಕಿನ ಕ್ರಮ ಬದಲಾದಾಗಲೆಲ್ಲ ಮನಸ್ಸು ಹೊಸದಾಗಿ ಹೊಂದಿಕೊಳ್ಳಬೇಕಾಗುತ್ತದೆ.

ನೂರು ಅಂಕದ ಆ ದುಃಖವನ್ನು ನಮ್ಮ ತಾಯಿಯವರು ಅನುಭವಿಸಿದುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಾನು ಎಂಟನೆಯ ಇಯತ್ತೆಯಲ್ಲಿದ್ದಾಗ ತಂದೆಯವರು ಲಿಂಗೈಕ್ಯರಾದರು. ತಾಯಿಯವರಿಗೆ ಅಕ್ಷರಜ್ಞಾನವಿರಲಿಲ್ಲ; ಇದ್ದುದು ನಾಲ್ಕು ಎಕರೆ ಒಣಭೂಮಿ. ಬಂದವರಲ್ಲಿ ಹಲವರು "ಶಿವನ ಇಚ್ಛೆ" ಎಂದು ಸಮಾಧಾನ ಹೇಳಿ ಹೋದರು. ನೆರೆಮನೆಯ ಅಜ್ಜಿಯೊಬ್ಬರು ಮಾತ್ರ ಏನನ್ನೂ ಹೇಳಲಿಲ್ಲ. ರೊಟ್ಟಿಯ ಬುತ್ತಿ ತಂದಿಟ್ಟು, ತಾಯಿಯವರು ಅತ್ತಷ್ಟು ಹೊತ್ತೂ ಅವರ ಕೈ ಹಿಡಿದು ಕುಳಿತಿರುತ್ತಿದ್ದರು. ಶಿವಗಣಾರಾಧನೆ ಮುಗಿದು ಬಂಧುಗಳು ತಮ್ಮ ತಮ್ಮ ಊರುಗಳಿಗೆ ತೆರಳಿದ ಮೇಲೆಯೇ ಮನೆ ನಿಜವಾಗಿ ಬರಿದಾಯಿತು. ಆಗ ಓಣಿಯವರು ತಮ್ಮ ಎತ್ತುಗಳನ್ನು ತಂದು ಹಿಂಗಾರಿ ಜೋಳವನ್ನು ಬಿತ್ತಿಕೊಟ್ಟರು. ಶಾಲೆಯ ಗುರುಗಳೊಬ್ಬರು ತಾಯಿಯವರನ್ನು ತಲಾಠಿಯ ಬಳಿಗೆ ಕರೆದೊಯ್ದು ಹೊಲದ ವಾರಸಾ ಮಾಡಿಸುವ ಕ್ರಮವನ್ನು ತಿಳಿಸಿದರು. ಮರುವರ್ಷ ಅವರೇ, "ತಂಗೆವ್ವಾ, ಮನೆತನ ಛಲೋ ನಡಿಸೀರಿ" ಎಂದಾಗ ತಾಯಿಯವರ ಮುಖದಲ್ಲಿ ಬಹುದಿನಗಳ ನಂತರ ಗೆಲುವನ್ನು ಕಂಡೆ.

ಸಮಾಜಶಾಸ್ತ್ರಜ್ಞ ಜೇಮ್ಸ್ ಹೌಸ್ ಅವರು 1981ರಲ್ಲಿ ಸಾಮಾಜಿಕ ಆಸರೆಯನ್ನು ನಾಲ್ಕು ಬಗೆಯಾಗಿ ವಿಂಗಡಿಸಿದರು: ಅಂತಃಕರಣ, ಪ್ರತ್ಯಕ್ಷ ಸಹಾಯ, ತಿಳಿವಳಿಕೆ, ಮತ್ತು ನಮ್ಮ ನಡೆ ಸರಿಯಾಗಿದೆಯೆಂದು ಅರಿವು ಮೂಡಿಸುವ ಮಾತು. ಮುಂದೆ ಇದನ್ನು ಓದಿದಾಗ ಅಜ್ಜಿ, ಓಣಿಯವರು, ಗುರುಗಳು ಒಬ್ಬೊಬ್ಬರಾಗಿ ನೆನಪಿಗೆ ಬಂದರು. 1985ರಲ್ಲಿ ಶೆಲ್ಡನ್ ಕೋಹೆನ್ ಮತ್ತು ಥಾಮಸ್ ವಿಲ್ಸ್ ಅವರು ಅಂದಿನವರೆಗಿನ ಅಧ್ಯಯನಗಳನ್ನು ಪರಾಮರ್ಶಿಸಿ, ಒದಗುವ ನೆರವು ಒದಗಿದ ಕಷ್ಟಕ್ಕೆ ತಕ್ಕುದಾಗಿದ್ದಾಗ ಅದು ಒತ್ತಡದ ಪೆಟ್ಟನ್ನು ತಗ್ಗಿಸುತ್ತದೆಂದು ವಿವರಿಸಿದರು. ಬಿತ್ತನೆಗೆ ಎತ್ತಿಲ್ಲದವರಿಗೆ ಬೇಕಾದುದು ಎತ್ತೇ ಹೊರತು ಉಪದೇಶವಲ್ಲ.

ಹಾಗೆಂದು ಎಲ್ಲ ಭಾರವನ್ನೂ ಪರರೇ ಹೊರಲಾರರು. ರಿಚರ್ಡ್ ಲಾಜರಸ್ ಮತ್ತು ಸೂಸನ್ ಫೋಕ್‌ಮನ್ ಅವರು 1984ರ ತಮ್ಮ ಗ್ರಂಥದಲ್ಲಿ ಕಷ್ಟವನ್ನು ಎದುರಿಸುವ ಎರಡು ಮುಖ್ಯ ಮಾರ್ಗಗಳನ್ನು ನಿರೂಪಿಸಿದ್ದಾರೆ. ಸಮಸ್ಯೆಯನ್ನೇ ಪರಿಹರಿಸಲು ಯತ್ನಿಸುವುದು ಒಂದು. ಅದರಿಂದುಂಟಾದ ನೋವನ್ನು ಹತೋಟಿಗೆ ತಂದುಕೊಳ್ಳುವುದು ಇನ್ನೊಂದು. ತಾಯಿಯವರು ಹಗಲಿನಲ್ಲಿ ಹೊಲದ ಲೆಕ್ಕ ನೋಡಿದರು. ನಸುಕಿನಲ್ಲಿ ಬೀಸುವ ಕಲ್ಲಿನ ಮುಂದೆ ಕುಳಿತು ಹಾಡಿನಲ್ಲಿ ಅತ್ತರು. ಎರಡೂ ಅವಶ್ಯಕವಾಗಿದ್ದವು.

ಇಂದು ಓಣಿಗಳು ಚದುರಿವೆ. ಮಕ್ಕಳು ದೂರದ ನಗರಗಳಲ್ಲಿದ್ದಾರೆ. ಕೇಂದ್ರ ಸರಕಾರವು 2022ರ ಅಕ್ಟೋಬರ್‌ನಲ್ಲಿ ಟೆಲಿ ಮಾನಸ್ ಎಂಬ ದೂರವಾಣಿ ಸೇವೆಯನ್ನು ಆರಂಭಿಸಿದೆ. 14416ಕ್ಕೆ ಕರೆ ಮಾಡಿ ಮನದ ಸಂಕಟವನ್ನು ಹೇಳಿಕೊಳ್ಳಬಹುದು. ಇದು ಸ್ವಾಗತಾರ್ಹ. ಆದರೆ ತರಗತಿಯ ಮೂಲೆಯಲ್ಲಿ ಮೌನವಾಗಿ ಕುಳಿತ ಬಾಲಕನನ್ನು ಗುರುತಿಸಬೇಕಾದವರು ಅವನ ಶಿಕ್ಷಕರೇ. ಅವನ ಶುಲ್ಕ, ಪುಸ್ತಕ, ಊಟದ ಚಿಂತೆಯನ್ನು ದಾನಿಗಳು ನೀಗಿಸಬಲ್ಲರು; ದಾರಿ ತೋರುವ ಮಾತನ್ನು ಹಳೆಯ ವಿದ್ಯಾರ್ಥಿಗಳು ಹೇಳಬಲ್ಲರು.

ಸಾವಾದ ಮನೆಗೆ ಮೊದಲ ವಾರ ಎಲ್ಲರೂ ಹೋಗುತ್ತೇವೆ. ತಿಂಗಳು ಕಳೆದ ಮೇಲೆ ಇನ್ನೊಮ್ಮೆ ಹೋಗೋಣ. ಏನು ಬೇಕಾಗಿದೆಯೆಂದು ಕೇಳಿ, ಕೈಲಾದುದನ್ನು ಮಾಡಿ ಬರೋಣ.