ಎಲ್ಲಾ ಕಾಲಮ್‌ಗೂ ಸಮಪಾಲು ಬೇಡ

(1/5)
ಫ್ರೆಂಡ್ಸ್, ಮದುವೆ ಮನೆ ಬಾಳೆಎಲೆ ನೆನಪು ಮಾಡ್ಕೊಳ್ಳಿ. ಉಪ್ಪಿಗೆ ಒಂದು ಮೂಲೆ. ಉಪ್ಪಿನಕಾಯಿ, ಕೋಸಂಬರಿ, ಪಲ್ಯ ಎಲ್ಲಾ ಮೇಲ್ಗಡೆ ಸಾಲಾಗಿ, ಚೂರು ಚೂರು ಜಾಗದಲ್ಲಿ. ನಡುವಿನ ಜಾಗ ಪೂರ್ತಿ ಅನ್ನಕ್ಕೆ. ಎಲೆಯನ್ನ ಆರು ಸಮಭಾಗ ಮಾಡಿ ಅದರಲ್ಲೊಂದು ಭಾಗ ಉಪ್ಪಿಗೆ ಅಂತ ಯಾವ ಬಡಿಸೋರೂ ಕೊಡಲ್ಲ.

ಆದ್ರೆ ಎಷ್ಟೋ ಆ್ಯಪ್ ಸ್ಕ್ರೀನ್‌ಗಳಲ್ಲಿ ಆಗೋದು ಅದೇ. ಫ್ಲಟರ್‌ನ ಟೇಬಲ್ ವಿಜೆಟ್‌ಗೆ ಅಗಲದ ಬಗ್ಗೆ ಏನೂ ಹೇಳದೆ ಬಿಟ್ಟರೆ ಅದು ಎಲ್ಲಾ ಕಾಲಮ್‌ಗೂ ಸಮವಾಗಿ ಜಾಗ ಹಂಚುತ್ತೆ. ನೋಡೋಕೆ ನೀಟಾಗಿರುತ್ತೆ. ಆದರೆ ಯಾರಿಗೆ ಎಷ್ಟು ಜಾಗ ಬೇಕು ಅನ್ನೋದನ್ನ ಅಲ್ಲಿ ಯಾರೂ ಯೋಚನೆ ಮಾಡಿರಲ್ಲ.

(2/5)
ಲೆಕ್ಕ ಹಾಕೋಣ ಬನ್ನಿ. ತುಂಬಾ ಆಂಡ್ರಾಯ್ಡ್ ಫೋನ್‌ಗಳ ಸ್ಕ್ರೀನ್ ಅಗಲ 360 ಡಿಪಿ. (ವಾಟ್ಸಾಪ್ ಡಿಪಿ ಅಲ್ಲ! ಇಂಚಿಗೆ 160 ಪಿಕ್ಸೆಲ್ ಇರೋ ಸ್ಕ್ರೀನ್‌ನಲ್ಲಿ 1 ಡಿಪಿ ಅಂದ್ರೆ 1 ಪಿಕ್ಸೆಲ್. ಬೇರೆ ಸ್ಕ್ರೀನ್‌ಗಳಲ್ಲಿ ಅದೇ ಅನುಪಾತದಲ್ಲಿ ಹೆಚ್ಚು ಕಮ್ಮಿ ಆಗುತ್ತೆ.)

ಎರಡೂ ಬದಿ 16, 16 ಅಂಚು ಬಿಟ್ಟರೆ ಉಳಿಯೋದು 328.

ಈಗ ಒಂದು ಹಾಲಿನ ಡೇರಿ ಲೆಕ್ಕದ ಪಟ್ಟಿ ತಗೊಳ್ಳಿ. ದಿನಾಂಕ, ಹೊತ್ತು, ಲೀಟರ್, ಫ್ಯಾಟ್, ಎಸ್‌ಎನ್‌ಎಫ್, ಮೊತ್ತ. ಆರು ಕಾಲಮ್, ನಡುವೆ ಐದು ಸಂದು. ಸಂದಿಗೆ 8 ಡಿಪಿ ಅಂದ್ರೆ 40 ಹೋಯ್ತು. ಉಳಿದ 288ನ್ನ ಆರಕ್ಕೆ ಹಂಚಿದರೆ ತಲಾ 48.

14 ಸೈಜಿನ ಅಕ್ಷರದಲ್ಲಿ ಒಂದು ಅಂಕಿಗೆ ಸುಮಾರು 8 ಡಿಪಿ ಬೇಕು. ‘4.1’ ಅನ್ನೋ ಫ್ಯಾಟ್‌ಗೆ 48ರಲ್ಲಿ ಅರ್ಧದಷ್ಟೂ ಬೇಡ, ಮಿಕ್ಕಿದ್ದು ಖಾಲಿ ಬಿದ್ದಿರುತ್ತೆ. ‘₹352.80’ಕ್ಕೆ ಸುಮಾರು 52 ಬೇಕು, ಹಿಡಿಸಲ್ಲ. ಆಗ ನಾವೆಲ್ಲ ಕೈಗೆ ಬಂದ ಹಾಗೆ ಬರೆಯೋ ಎರಡು ಸಾಲು ಕೆಲಸ ಶುರು ಮಾಡುತ್ತೆ. ಮ್ಯಾಕ್ಸ್‌ಲೈನ್ಸ್ ಒಂದು, ಓವರ್‌ಫ್ಲೋ ಎಲಿಪ್ಸಿಸ್. ಅಂದ್ರೆ ಹಿಡಿಸದೇ ಇದ್ದದ್ದನ್ನ ಕತ್ತರಿಸಿ ಮೂರು ಚುಕ್ಕಿ ಇಡು.

(3/5)
ಆ ಮೂರು ಚುಕ್ಕಿ ಏನು ಮಾಡುತ್ತೆ ಅಂತ ನಾನು ನೋಡಿದ್ದು ಮಂಡ್ಯ ಕಡೆ ನಮ್ಮ ದೊಡ್ಡಮ್ಮನ ಮನೇಲಿ. ಅವರ ಫೋನಲ್ಲಿ ಹಾಲಿನ ಲೆಕ್ಕ ತೋರಿಸೋ ಒಂದು ಆ್ಯಪ್ ಇತ್ತು, ಹೆಸರು ಬೇಡ. ಇದೇ ಆರು ಕಾಲಮ್, ಎಲ್ಲಾ ಒಂದೇ ಅಗಲ. ಕಣ್ಣು ಮಂಜು ಅಂತ ದೊಡ್ಡಮ್ಮ ಫೋನಿನ ಅಕ್ಷರ ದೊಡ್ಡದು ಮಾಡಿಸ್ಕೊಂಡಿದ್ರು. ಹಾಗಾಗಿ ಮೊತ್ತದ ಕಾಲಮ್‌ನಲ್ಲಿ ಕಾಣ್ತಿದ್ದದ್ದು ‘₹35…’ ಅಷ್ಟೇ.

“ನೋಡ್ಲಾ ಮಗ, ಹತ್ತು ಲೀಟ್ರು ಹಾಲಿಗೆ ಮೂವತ್ತೈದು ರೂಪಾಯಂತೆ! ಡೇರಿಯೋರು ಮೋಸ ಮಾಡವ್ರೆ” ಅಂತ ಸೆಕ್ರೆಟರಿ ಹತ್ರ ಜಗಳಕ್ಕೆ ಹೊರಟೇಬಿಟ್ಟಿದ್ರು. ನಾನು ಫೋನ್ ಇಸ್ಕೊಂಡು ಅಡ್ಡ ಹಿಡಿದೆ. ₹352.80 ಅಂತ ಪೂರ್ತಿ ಬಂತು.

ಯೋಚನೆ ಮಾಡಿ. ಹೆಸರು ಅರ್ಧ ಕತ್ತರಿಸಿದ್ರೆ ‘ಏನೋ ಉಳಿದಿದೆ’ ಅಂತ ಗೊತ್ತಾಗುತ್ತೆ. ಸಂಖ್ಯೆ ಕತ್ತರಿಸಿದ್ರೆ ಅದು ಇನ್ನೊಂದು ಸಂಖ್ಯೆ ಆಗಿಬಿಡುತ್ತೆ. ಕೋಡ್ ಸರಿ ಇತ್ತು, ಡೇಟಾ ಸರಿ ಇತ್ತು, ಸೆಕ್ರೆಟರಿನೂ ಸರಿ ಇದ್ರು. ಒಂದು ಕಾಲಮ್‌ಗೆ ಇಪ್ಪತ್ತು ಡಿಪಿ ಕಮ್ಮಿಯಾಗಿ, ದಿನಾ ಎರಡು ಹೊತ್ತು ಮುಖ ನೋಡೋ ಇಬ್ಬರ ನಡುವೆ ಅನುಮಾನ ಹುಟ್ಟಿತ್ತು.

(4/5)
ಅಗಲ ಹೇಳೋಕೆ ಫ್ಲಟರ್ ಟೇಬಲ್‌ನಲ್ಲಿ ಮುಖ್ಯವಾಗಿ ನಾಲ್ಕು ದಾರಿ ಇದೆ. ಸೇವ್ ಮಾಡ್ಕೊಳ್ಳಿ.

🔹 ಫಿಕ್ಸೆಡ್: ಇಷ್ಟೇ ಡಿಪಿ ಅಂತ ಗೊತ್ತು ಮಾಡೋದು. ಎಲೆ ಮೇಲಿನ ಉಪ್ಪು. ಐಕಾನ್, ಚೆಕ್‌ಬಾಕ್ಸ್‌ಗೆ ಸರಿ. ಅಕ್ಷರಕ್ಕೆ ಹುಷಾರು, ಯಾಕಂದ್ರೆ ಅಕ್ಷರ ಬೆಳೆದರೂ ಕಾಲಮ್ ಬೆಳೆಯಲ್ಲ.

🔹 ಫ್ರ್ಯಾಕ್ಷನ್: ಒಟ್ಟು ಅಗಲದಲ್ಲಿ ಇಷ್ಟು ಭಾಗ. 0.3 ಅಂದ್ರೆ ನೂರಕ್ಕೆ ಮೂವತ್ತು.

🔹 ಫ್ಲೆಕ್ಸ್: ಬೇರೆಯವರು ತಗೊಂಡ ಮೇಲೆ ಉಳಿದದ್ದರಲ್ಲಿ ಪಾಲು. ಒಂದಕ್ಕೆ 2, ಇನ್ನೊಂದಕ್ಕೆ 1 ಕೊಟ್ಟರೆ ಉಳಿದ ಜಾಗ 2:1 ಆಗಿ ಹಂಚುತ್ತೆ. ಇದು ಅನ್ನ.

🔹 ಇಂಟ್ರಿನ್ಸಿಕ್: ಕಾಲಮ್‌ನ ಎಲ್ಲಾ ಸೆಲ್ ಅಳೆದು, ಅದರಲ್ಲಿ ದೊಡ್ಡದು ಎಷ್ಟೋ ಅಷ್ಟು ಅಗಲ. ಎಲ್ಲವನ್ನೂ ಅಳೆಯಬೇಕಲ್ಲ, ಹಾಗಾಗಿ ಫೋನಿಗೆ ಕೆಲಸ ಜಾಸ್ತಿ. ಸಾವಿರಾರು ಸಾಲಿಗೆ ಬೇಡ. ಹದಿನೈದು ದಿನದ ಲೆಕ್ಕ ಅಂದ್ರೆ ಮೂವತ್ತು ಸಾಲು, ಧಾರಾಳವಾಗಿ ಬಳಸಿ.

ಜೆಟ್‌ಪ್ಯಾಕ್ ಕಂಪೋಸ್‌ನಲ್ಲಿ ಫ್ಲೆಕ್ಸ್ ಕೆಲಸಕ್ಕೆ ‘ವೇಟ್’ ಅಂತಾರೆ, ವೆಬ್ ಗ್ರಿಡ್‌ನಲ್ಲಿ ‘ಎಫ್‌ಆರ್’. ಹೆಸರು ಬೇರೆ, ಹಂಚೋ ಲೆಕ್ಕ ಹೆಚ್ಚು ಕಮ್ಮಿ ಅದೇ.

(5/5)
ನಮ್ಮ ಟೀಮ್ ಮಿನಿ ಪ್ರಾಜೆಕ್ಟ್‌ಗೆ ಅದೇ ಪಟ್ಟಿಯನ್ನ ಹೊಸದಾಗಿ ಕಟ್ಟಿತು. ಮೊದಲು ಕೇಳ್ಕೊಂಡ ಪ್ರಶ್ನೆ ಒಂದೇ: ಇದರಲ್ಲಿ ಏನನ್ನ ಯಾವತ್ತೂ ಕತ್ತರಿಸಬಾರದು? ಮೊತ್ತ. ಆಮೇಲೆ ಲೀಟರ್. ಇವೆರಡಕ್ಕೂ ಇಂಟ್ರಿನ್ಸಿಕ್ ಕೊಟ್ಟು, ಅಂಕಿಗಳನ್ನ ಬಲಕ್ಕೆ ಸರಿಸಿದ್ವಿ. ಚುಕ್ಕಿ ಹಾಕೋ ಸಾಲು ತೆಗೆದ್ವಿ. ದಿನಾಂಕ ಮತ್ತು ಹೊತ್ತು ಸೇರಿ ಒಂದು ಕಾಲಮ್ ಆಯ್ತು, ಅದಕ್ಕೆ ಫ್ಲೆಕ್ಸ್. ಫ್ಯಾಟ್, ಎಸ್‌ಎನ್‌ಎಫ್ ಎರಡೂ ಅದರ ಕೆಳಗೆ ಸಣ್ಣಕ್ಷರದಲ್ಲಿ ಕೂತವು. ಆರು ಕಾಲಮ್ ಮೂರಾಯ್ತು. ದೊಡ್ಡಮ್ಮನ ಫೋನಿನ ಅಕ್ಷರದ ಸೈಜಿಗೂ ದಿನಾಂಕಕ್ಕೆ ಸುಮಾರು 180 ಡಿಪಿ ಉಳೀತು. ಸಾಲದಿದ್ರೆ ಅದು ಮುಂದಿನ ಸಾಲಿಗೆ ಇಳಿಯುತ್ತೆ, ಮಾಯ ಆಗಲ್ಲ.

ಕನ್ನಡದ್ದೇ ಒಂದು ವಿಷಯ. ಕಾಲಮ್ ಕಿರಿದಾಗಿ ಪದ ಎರಡನೇ ಸಾಲಿಗೆ ಇಳಿದಾಗ, ಸಾಲಿನ ಎತ್ತರ ಫಿಕ್ಸ್ ಮಾಡಿಟ್ಟಿದ್ರೆ ಮೊದಲು ಹೋಗೋದು ಒತ್ತಕ್ಷರ. ‘ಮೊತ್ತ’ ‘ಮೊತ’ ಆಗುತ್ತೆ, ‘ಬೆಳಿಗ್ಗೆ’ ‘ಬೆಳಿಗೆ’ ಆಗುತ್ತೆ. ಇಂಗ್ಲಿಷ್‌ನಲ್ಲಿ ಮಾತ್ರ ಟೆಸ್ಟ್ ಮಾಡಿದ್ರೆ ಇದು ಕಣ್ಣಿಗೇ ಬೀಳಲ್ಲ. ಎತ್ತರವನ್ನ ಅಕ್ಷರಕ್ಕೇ ಬಿಡಿ.

ಇನ್ನೊಂದು. ಫ್ಲಟರ್‌ನ ರೋನಲ್ಲಿ ಜಾಗ ಸಾಲದಿದ್ರೆ ಹಳದಿ ಕಪ್ಪು ಪಟ್ಟಿ ಬರುತ್ತಲ್ಲ, ಅದು ಡೀಬಗ್ ಮೋಡ್‌ನಲ್ಲಿ ಮಾತ್ರ. ರಿಲೀಸ್ ಆದ ಮೇಲೆ ಆ ಎಚ್ಚರಿಕೆ ಇರಲ್ಲ, ಜನರಿಗೆ ಕಾಣೋದು ಅರ್ಧ ಸಂಖ್ಯೆ.

ಈ ವಾರದ ಕೆಲಸ: ನಿಮ್ಮ ಪ್ರಾಜೆಕ್ಟ್ ತೆಗೀರಿ. ಭಾಷೆ ಕನ್ನಡ ಮಾಡಿ. ಫೋನಿನ ಅಕ್ಷರ ಪೂರ್ತಿ ದೊಡ್ಡದು ಮಾಡಿ, ಆಂಡ್ರಾಯ್ಡ್ 14ರಿಂದ 200% ತನಕ ಹೋಗುತ್ತೆ. ಪಟ್ಟಿಯಲ್ಲಿ ಬರಬಹುದಾದ ಅತಿ ದೊಡ್ಡ ಸಂಖ್ಯೆ ಹಾಕಿ. ಎಲ್ಲಿ ಮೂರು ಚುಕ್ಕಿ ಬಂತೋ ಅದರ ಸ್ಕ್ರೀನ್‌ಶಾಟ್ ಕಳಿಸಿ. ಯಾವ ಕಾಲಮ್‌ನಿಂದ ಜಾಗ ಕಿತ್ತು ಎಲ್ಲಿಗೆ ಕೊಡಬೇಕು ಅಂತ ಒಟ್ಟಿಗೆ ನೋಡೋಣ.

#ಕನ್ನಡದಲ್ಲಿಕೋಡ್ #ಫ್ಲಟರ್ಕನ್ನಡ #ಮಿನಿಪ್ರಾಜೆಕ್ಟ್