ಯಾರ ಹೆಸರು ಎಷ್ಟು ದಪ್ಪ?

ನಮ್ಮ ಕಡೆ ಫ್ಲೆಕ್ಸ್ ಬೋರ್ಡಿಗೆ ಇರುವಷ್ಟು ಕಟ್ಟುಪಾಡು ಮದುವೆಗೂ ಇಲ್ಲ. ಗುಡೇಮಾರನಹಳ್ಳಿಯಲ್ಲಿ ಬಸ್ಸಿಗೆ ಕಾಯುತ್ತಾ ನಿಂತವರು ಓದು ಬಾರದಿದ್ದರೂ ಹೇಳಬಲ್ಲರು: ಮೇಲಿನ ಮೂಲೆಯಲ್ಲಿ ದೇವರು, ಪಕ್ಕದ ದೊಡ್ಡ ತಲೆ ಶಾಸಕರದು, ನಡುವೆ ಕೂಲಿಂಗ್ ಗ್ಲಾಸ್ ಹಾಕಿ ಕೈಮುಗಿದವನದು ಹುಟ್ಟುಹಬ್ಬ, ಕೆಳಗೆ ಸ್ಟಾಂಪಿನ ಗಾತ್ರಕ್ಕೆ ಇಳಿದವರು ದುಡ್ಡು ಕೊಟ್ಟವರು.

ಹಾಗಾಗಿ, ಊರಹಬ್ಬಕ್ಕೊಂದು ವೆಬ್‌ಸೈಟ್ ಮಾಡಿಕೊಡಲು ಬೆಂಗಳೂರಿನಿಂದ ಬಂದ ನಮ್ಮಣ್ಣನ ಮಗ "ವೆಬ್ಬಿಗೂ ಸ್ಟಾಂಡರ್ಡ್ ಅಂತ ಇದೆ" ಅಂದಾಗ ಸಮಿತಿಯವರು ಯಾರೂ ಬೆರಗಾಗಲಿಲ್ಲ. ವೆಬ್ ಹುಟ್ಟಿಸಿದ ಟಿಮ್ ಬರ್ನರ್ಸ್ ಲೀ 1994ರಲ್ಲೇ ಅದಕ್ಕೊಂದು ಒಕ್ಕೂಟ ಕಟ್ಟಿದ್ದನ್ನೂ, ನಮ್ಮ ಸರ್ಕಾರಿ ಜಾಲತಾಣಗಳಿಗೆ 2009ರಿಂದ ಮಾರ್ಗಸೂಚಿ ಇರುವುದನ್ನೂ ಅವನು ಹೇಳಿದ. ತಲೆ ಆಡಿಸಿದರು. ಜಗಳ ಶುರುವಾದದ್ದು ಶೀರ್ಷಿಕೆಯಲ್ಲಿ. ವೆಬ್ ಪುಟ ಬರೆಯುವ ಭಾಷೆಯಾದ ಎಚ್‌ಟಿಎಂಎಲ್‌ನಲ್ಲಿ ಶೀರ್ಷಿಕೆಗೆ ಇರುವುದು ಆರೇ ಮಟ್ಟ. ಅದರಲ್ಲೂ ಎಲ್ಲಕ್ಕಿಂತ ದೊಡ್ಡದು ಪುಟಕ್ಕೆ ಒಂದೇ ಇರಲಿ ಎಂಬುದು ವಾಡಿಕೆ.

"ಆರೇನಾ? ನಮ್ಮೂರಲ್ಲಿ ಮಾಜಿಗಳೇ ಅದಕ್ಕಿಂತ ಜಾಸ್ತಿ ಅವ್ರಲ್ಲಪ್ಪ!" ಅಂದರು ಹಿರಿಯರೊಬ್ಬರು.

ಗೌರವಾಧ್ಯಕ್ಷರ ಹೆಸರಾದರೂ ಅಡ್ಡಡ್ಡ ಓಡಲಿ ಎಂಬ ಬೇಡಿಕೆ ಬಂತು. ಅಕ್ಷರ ಓಡಿಸುವ ಟ್ಯಾಗನ್ನು ಬಳಸಕೂಡದು ಎನ್ನುತ್ತದೆ ಸ್ಟಾಂಡರ್ಡು ಎಂದ ಹುಡುಗ. ಗೌರವಾಧ್ಯಕ್ಷರೇ ಓಡಾಡುವುದನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು ಎನ್ನುವುದು ಬೇರೆ ಮಾತು.

ಆಹ್ವಾನ ಪತ್ರಿಕೆಯ ಫೋಟೋ ಹೊಡೆದು ಹಾಕಿಬಿಟ್ಟರೆ ಮುಗಿಯಿತಲ್ಲ ಎಂದವನು ನಾನೇ. ಹುಡುಗ ಉತ್ತರ ಕೊಡಲಿಲ್ಲ. ಕಣ್ಣು ಕಾಣದ ನಮ್ಮ ಸೋದರತ್ತೆಯ ಮಗನ ಫೋನಿಗೆ ಅದನ್ನು ಕಳಿಸಿದ. ಪರದೆಯಲ್ಲಿರುವುದನ್ನೆಲ್ಲ ಗಟ್ಟಿಯಾಗಿ ಓದಿ ಹೇಳುವ ಆ ಫೋನು "ಇಮೇಜ್" ಅಂದು ಸುಮ್ಮನಾಯಿತು. ತೇರು, ತಿಥಿ, ಅನ್ನಸಂತರ್ಪಣೆ ಎಲ್ಲವೂ ಆ ಒಂದು ಪದದೊಳಗೆ ಮುಳುಗಿಹೋಗಿತ್ತು. ಅದನ್ನೇ ಅಕ್ಷರದಲ್ಲಿ ಹಾಕಿ, ಪುಟದ ಭಾಷೆ ಕನ್ನಡ ಎಂದು ಕೋಡಿನಲ್ಲಿ ಬರೆದ ಮೇಲೆ ಫೋನು ನಮ್ಮ ಪೂಜಾರಪ್ಪನಿಗಿಂತ ಸ್ಪಷ್ಟವಾಗಿ ಓದಿತು.

ಅಷ್ಟರಲ್ಲಿ ಅಣ್ಣ ಬೀರುವಿನಿಂದ ಒಂದು ಸಿಡಿ ತಂದ. ಅಪ್ಪ ಕೊನೆಗಾಲದಲ್ಲಿ ಮಾಗಡಿಯ ಡಿಟಿಪಿ ಅಂಗಡಿಯಲ್ಲಿ ಕೂತು ಬಾಯಲ್ಲಿ ಹೇಳಿ ಟೈಪು ಮಾಡಿಸಿದ್ದ ಊರಿನ ಸಂಗತಿಗಳು ಅದರಲ್ಲಿದ್ದವು. ತೆರೆದರೆ ಕನ್ನಡವೇ ಇಲ್ಲ; ತಲೆಯ ಮೇಲೆ ಕೊಂಬು, ಚುಕ್ಕೆ ಹೊತ್ತ ಇಂಗ್ಲಿಷ್ ಅಕ್ಷರಗಳ ದೊಂಬಿ. ಆ ಕಾಲದ ನುಡಿ, ಬರಹ ಫಾಂಟುಗಳು ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸುತ್ತಿದ್ದವು. ಫಾಂಟಿಲ್ಲದ ಕಂಪ್ಯೂಟರಿನಲ್ಲಿ ಕನ್ನಡವೂ ಇಲ್ಲ. ಯೂನಿಕೋಡು 1991ರಲ್ಲೇ ಕನ್ನಡಕ್ಕೆಂದು 128 ಸ್ಥಾನ ತೆಗೆದಿಟ್ಟಿತ್ತಾದರೂ ಡಿಟಿಪಿ ಅಂಗಡಿಗಳಿಗೆ ಅದು ತಲುಪಲು ಬಹಳ ವರ್ಷ ಹಿಡಿಯಿತು. ಅಪ್ಪ ಕಾಯಲಿಲ್ಲ.

ಆದರೆ ಆ ದೊಂಬಿಗೂ ಒಂದು ಕ್ರಮವಿತ್ತು. ಯಾವ ಜಾಗದಲ್ಲಿ ಯಾವ ಆಕಾರ ಎಂಬುದು ನಿಗದಿಯಾಗಿದ್ದರಿಂದ ಪರಿವರ್ತಕಕ್ಕೆ ಹಾಕಿದ ಕೂಡಲೇ ಅಪ್ಪನ ವಾಕ್ಯಗಳು ಎದ್ದು ಕೂತವು. ಅರ್ಕಾವತ್ತು ಮಾತ್ರ ಅಲ್ಲಲ್ಲಿ ದಾರಿ ತಪ್ಪಿತ್ತು: ಹಳೆಯ ಫಾಂಟಿನಲ್ಲಿ ಅದು ಅಕ್ಷರದ ನಂತರ, ಯೂನಿಕೋಡಿನಲ್ಲಿ ಅಕ್ಷರಕ್ಕೂ ಮೊದಲು. ಅಣ್ಣ ಕನ್ನಡಕ ಒರೆಸಿಕೊಂಡು ಒಂದೊಂದೇ ತಿದ್ದಿಸಿದ. ಅಪ್ಪ ಯಾರನ್ನು ಬೈದದ್ದೆಲ್ಲಿ, ಯಾರನ್ನು ಬಿಟ್ಟದ್ದೆಲ್ಲಿ ಎಂದು ನಾವಿಬ್ಬರೂ ಹುಡುಕಿ ಹುಡುಕಿ ಓದಿದೆವು.

ಅದರೊಳಗೇ ಇತ್ತು, ಹಿಂದಿನ ಕಾಲದಲ್ಲಿ ಹಬ್ಬದ ದಿನ ಯಾರಿಗೆ ಮೊದಲ ವೀಳ್ಯ, ಯಾರಿಗೆ ನಂತರ ಎಂಬ ಪಟ್ಟಿ. ಸಮಿತಿಯವರಿಗೆ ಪಹಣಿಯೇ ಸಿಕ್ಕಂತಾಯಿತು. ಸೈಟಿನಲ್ಲಿ ಇದೇ ಸರದಿ ಇರಲಿ ಎಂದು ಮೊದಲ ಮೂವರ ಮನೆಯವರು, ಕೂಡದು ಎಂದು ಉಳಿದವರು. ಸರದಿ ತಪ್ಪಿದರೆ ಅರ್ಥ ಕೆಡುವಂತಿದ್ದರೆ ಅಂಕಿಯ ಪಟ್ಟಿ, ಇಲ್ಲದಿದ್ದರೆ ಚುಕ್ಕೆಯ ಪಟ್ಟಿ. ಅದೂ ಸ್ಟಾಂಡರ್ಡಿನಲ್ಲೇ ಇದೆ ಎಂದ ಹುಡುಗ. ಚುಕ್ಕೆಯಾದರೂ ಮೇಲೊಬ್ಬ ಇರಲೇಬೇಕಲ್ಲ ಎಂದರು. ಹಾಗಾದರೆ ಅಕಾರಾದಿ ಎಂದು ತೀರ್ಮಾನವಾಯಿತು.

ಎಲ್ಲರೂ ಎದ್ದ ಮೇಲೆ ಖಜಾಂಚಿ ಹನುಮಂತಣ್ಣ ಹುಡುಗನನ್ನು ಪಕ್ಕಕ್ಕೆ ಕರೆದ.

"ಮಗಾ, ಅಕಾರಾದೀನ ಕೆಳಗಿಂದ ಮೇಲಕ್ಕೆ ಓದೋ ಸ್ಟಾಂಡರ್ಡ್ ಏನಾದ್ರೂ ಐತಾ?"